ಮರದ ಪುರಾಣ ಓದಿದ ಶ್ರಾವಣ

ಹೋದ ತಿಂಗಳು ಕೊರಟಗೆರೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಎದುರಿನ ಸಾಮಿಲ್ಲಿನಿಂದ ಆಗತಾನೇ ಕೊಯ್ದ ತೇಗದ ವಾಸನೆ ಬಂತು. ಜೊತೆಗಿದ್ದ ಮೊಮ್ಮಗಳು ಧೂಳಿಗೆ ಮೂಗು ಮುಚ್ಚಿಕೊಂಡಳು. ನಾನು ಇನ್ನಷ್ಟು ಹತ್ತಿರ ಹೋಗಿ ನಿಂತೆ. "ಏನಜ್ಜಿ, ಕಾಡು ನೆನಪಾಯ್ತಾ?" ಎಂದಳು. ನಾನು ಕಾಡು ಕಂಡವಳೇ ಅಲ್ಲ. ಹುಟ್ಟಿದ್ದು ಇದೇ ಕೊರಟಗೆರೆ, ಸೇರಿದ್ದು ಮಧುಗಿರಿ. ಎರಡೂ ಕಡೆ ಬಂಡೆ, ಜಾಲಿ, ಹುಣಿಸೆ. ಆ ವಾಸನೆಗೆ ನನಗೆ ನೆನಪಾದದ್ದು ಒಂದು ಕಾದಂಬರಿ, ಅದನ್ನು ಓದಿದ ಶ್ರಾವಣ, ಅದಕ್ಕಾಗಿ ನಮ್ಮ ಮನೆಯಲ್ಲಿ ಆದ ರಂಪ.

ಇದನ್ನು ಹೇಳಿದರೆ ನಗುವವರು ನಮ್ಮ ಮನೆಯಲ್ಲೇ ಇದ್ದಾರೆ. ಓದಿದವರು, ಕನ್ನಡಕ ಹಾಕಿಕೊಂಡವರು. ಪ್ರೇಮದ ಕಾದಂಬರಿಯಿಂದ ನೀವು ಕಲಿತದ್ದೇನು ಎಂದು ಕೇಳುತ್ತಾರೆ. ಏನೂ ಕಲಿಯಲಿಲ್ಲ. ಖುಷಿಪಟ್ಟೆ. ಹೆಂಗಸು ಒಂದು ಪುಸ್ತಕ ಓದಿದಳು ಎಂದರೆ ಅದರಿಂದ ಮನೆಗೋ ಮಕ್ಕಳಿಗೋ ಏನಾದರೂ ಲಾಭವಾಗಿರಲೇಬೇಕು ಎಂದುಕೊಂಡವರಿಗೆ ನಾನು ಈ ವಯಸ್ಸಿನಲ್ಲಿ ಬುದ್ಧಿ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ಕೇಳುವವರು ಕೇಳಲಿ.

ಮೈಸೂರು ಮಹಾರಾಜರ ಆಳ್ವಿಕೆಯ ಕಾಲ. ಎಲ್ಲೋ ದೂರದಲ್ಲಿ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ನಮಗೆ ಗೊತ್ತಿದ್ದ ಯುದ್ಧವೆಂದರೆ ಸೀಮೆಎಣ್ಣೆ ಸಿಗದೆ ಇರುವುದು, ಸಕ್ಕರೆಗೆ ಬದಲು ಎಲ್ಲದಕ್ಕೂ ಬೆಲ್ಲ ಹಾಕುವುದು. ನಾನು ಮದುವೆಯಾಗಿ ಮಧುಗಿರಿಯ ಪೇಟೆ ಬೀದಿಗೆ ಬಂದು ಆಗಿನ್ನೂ ವರ್ಷವಾಗಿತ್ತು, ನನಗೆ ಹದಿನಾರು. ನನ್ನವರು ತುಮಕೂರಿನಲ್ಲಿ ಓದುತ್ತಿದ್ದರು, ರಜಕ್ಕೆ ಬರುತ್ತಿದ್ದರು. ಅವರು ಈ ಕಥೆಯಲ್ಲಿ ಇಲ್ಲ, ಬೇಕಾಗಿಯೂ ಇಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿದ್ದದ್ದು ಮಾವ ರುದ್ರಪ್ಪನವರು, ಅವರ ತಾಯಿ ಸಿದ್ದಮ್ಮಜ್ಜಿ ಮತ್ತು ನಾನು. ಬೀದಿಗೆ ಮುಖ ಮಾಡಿ ಮಾವನವರ ಹುಣಿಸೆಹಣ್ಣಿನ ಮಂಡಿ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಹಿತ್ತಲು. ಮಾವ ಮಾತು ಕಡಿಮೆಯ ಮನುಷ್ಯ. ಹಣ್ಣನ್ನು ಮೂಸಿ ನೋಡಿ ಇದು ಪಾವಗಡದ್ದು, ಇದು ಬುಕ್ಕಾಪಟ್ಟಣದ್ದು ಎಂದು ಹೇಳಬಲ್ಲವರು. ಊರಿನಲ್ಲಿ ಅವರ ಮಾತಿಗೆ ತೂಕವಿತ್ತು, ಮನೆಯಲ್ಲಂತೂ ಅದರ ಮೇಲೆ ಮಾತೇ ಇರಲಿಲ್ಲ.

ಯುಗಾದಿಯ ಹೊತ್ತಿಗೆ ಪಂಚಾಂಗ ಮಾರುವವನೊಬ್ಬ ತಗಡಿನ ಪೆಟ್ಟಿಗೆ ಹೊತ್ತು ಹಿತ್ತಲ ಬಾಗಿಲಿಗೆ ಬಂದ. ಪೆಟ್ಟಿಗೆಯ ತಳದಲ್ಲಿ ಒಂದು ದಪ್ಪ ಪುಸ್ತಕ ಬಿದ್ದಿತ್ತು. ರಟ್ಟಿಲ್ಲ, ಮೊದಲ ಹಾಳೆಯೂ ಇಲ್ಲ, ಹಾಗಾಗಿ ಅದರ ಹೆಸರೇನು, ಬರೆದವರು ಯಾರು, ಒಂದೂ ತಿಳಿಯುವಂತಿರಲಿಲ್ಲ.

"ರಟ್ಟಷ್ಟೇ ಇಲಿ ತಿಂದಿರೋದು ಕಣಮ್ಮ, ಕಥೆ ಪೂರ್ತಿ ಐತೆ" ಎಂದ.

"ಏನು ಕಥೆ?"

"ಕಾಡು, ಆನೆ, ಒಂದು ಗಂಡು, ಒಂದು ಹೆಣ್ಣು. ಇನ್ನೇನು ಬೇಕು?"

ನನಗೂ ಇನ್ನೇನೂ ಬೇಕಿರಲಿಲ್ಲ. ಎರಡು ಸೇರು ಹುಣಿಸೆಹಣ್ಣು ಕೊಟ್ಟು ತೆಗೆದುಕೊಂಡೆ. ಗೋಡೆಯುದ್ದಕ್ಕೂ ಹುಣಿಸೆಹಣ್ಣಿನ ಮೂಟೆಗಳಿದ್ದ ಮನೆಯಲ್ಲಿ ಅಷ್ಟು ಹೋದದ್ದು ಯಾರಿಗೂ ತಿಳಿಯಲಿಲ್ಲ. ತಿಳಿಯುತ್ತದೆ ಎಂದಿದ್ದರೂ ಕೊಡುತ್ತಿದ್ದೆ.

ತೆಗೆದುಕೊಂಡದ್ದಾಯಿತು, ಓದುವುದು ಯಾವಾಗ? ನೀರು ಸೇದುವುದಕ್ಕೆ, ರಾಗಿ ಬೀಸುವುದಕ್ಕೆ, ಪಾತ್ರೆ ಬೆಳಗುವುದಕ್ಕೆ ಹೊತ್ತಿತ್ತು. ಸೊಸೆ ಓದುವ ಹೊತ್ತು ಎಂದು ಯಾರೂ ಇಟ್ಟಿರಲಿಲ್ಲ. ಆಷಾಢ ಮುಗಿಯುವ ತನಕ ಕದ್ದು ಕದ್ದು ಹತ್ತು ಪುಟ ಓದಿದ್ದೆನೇನೋ. ಇನ್ನು ಪುಸ್ತಕ ಇಡುವುದಕ್ಕೂ ನನ್ನದೆಂಬ ಜಾಗ ಆ ಮನೆಯಲ್ಲಿರಲಿಲ್ಲ. ದೇವರ ಗೂಡಿನಲ್ಲಿ ಕೆಂಪು ವಸ್ತ್ರವೊಂದಿತ್ತು. ನಮ್ಮ ಮನೆಯಲ್ಲಿ ಶ್ರಾವಣದ ಮಧ್ಯಾಹ್ನಗಳಲ್ಲಿ ಓದಿಸುವ ಶಿವಪುರಾಣವನ್ನು ಅದರಲ್ಲಿ ಸುತ್ತಿಡುತ್ತಿದ್ದರು. ಆ ವರ್ಷ ಪುರಾಣಕ್ಕೆ ಗೆದ್ದಲು ಹಿಡಿದಿತ್ತು. ಪುರಾಣ ಓದುತ್ತಿದ್ದ ಮಠದ ಅಯ್ಯನವರು ಮಾವನವರನ್ನು ಕೇಳಿ ಪುಸ್ತಕವನ್ನು ಸಿರಾದಲ್ಲಿ ಹೊಲಿಸಿ ತರಲು ತೆಗೆದುಕೊಂಡು ಹೋಗಿದ್ದರು. ವಸ್ತ್ರ ಖಾಲಿ ಇತ್ತು. ಇಲಿಯೂ ಮುಟ್ಟದ, ಮಾವನೂ ಮುಟ್ಟದ ಜಾಗ ಅದೊಂದೇ ಎಂದು ನನ್ನ ಕಾದಂಬರಿಯನ್ನು ಅದರಲ್ಲಿ ಸುತ್ತಿಟ್ಟೆ.

ಶ್ರಾವಣದ ಮೊದಲ ಸೋಮವಾರ ಬಂತು. ಅಯ್ಯನವರು ಬರಲಿಲ್ಲ. ಸಿರಾದಲ್ಲಿ ಅವರಿಗೆ ಚಳಿಜ್ವರ ಹಿಡಿದಿದೆ, ಎದ್ದು ಓಡಾಡುವ ಹಾಗಿಲ್ಲ ಎಂಬ ಸುದ್ದಿ ಬಂತು. ಪುಸ್ತಕ ಅವರ ಹತ್ತಿರವೇ ಇದೆ ಎಂಬುದು ಅಜ್ಜಿಗೆ ಗೊತ್ತಿರಲಿಲ್ಲ. ಮಾವನವರು ಅದು ಆಗಲೇ ಮನೆಗೆ ಬಂದಿದೆ ಎಂದುಕೊಂಡಿದ್ದರು. ನಾನು ಅಡುಗೆಮನೆಯಲ್ಲಿ ನೈವೇದ್ಯಕ್ಕೆ ಕೊಬ್ಬರಿ ತುರಿಯುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಅಜ್ಜಿ ಸ್ನಾನ ಮಾಡಿ, ಗೂಡಿನಿಂದ ಗಂಟು ಇಳಿಸಿ, ನಡುಮನೆಯಲ್ಲಿ ಪುಸ್ತಕವಿಡುವ ಮರದ ವ್ಯಾಸಪೀಠದ ಮೇಲಿಟ್ಟಿದ್ದರು. ವಸ್ತ್ರದ ಮೇಲೆಯೇ ವಿಭೂತಿ ಬಳಿದು, ಬಿಲ್ವಪತ್ರೆ ಏರಿಸಿ, ಕರ್ಪೂರ ಬೆಳಗಿ ಮುಗಿಸಿದ್ದರು. ಬೀದಿಯ ಹೆಂಗಸರು ಬತ್ತಿ ಹೊಸೆಯಲು ಹತ್ತಿ ಹಿಡಿದುಕೊಂಡು ಬಂದು ಕೂತಿದ್ದರು.

"ಅಯ್ನೋರಿಗೆ ಉಸಾರಿಲ್ಲ. ನೀನು ನಾಕು ಅಕ್ಷರ ಕಲ್ತಿದೀಯ, ಕೂತ್ಕೊಂಡು ಓದು ಪಾರ್ತಿ" ಎಂದರು ಅಜ್ಜಿ.

ಗಂಟು ಬಿಚ್ಚಿದೆ. ಸುಳ್ಳು ಹೇಳಿ ಏನೋ ಶಿವನ ಕಥೆ ಕಟ್ಟಬಹುದಿತ್ತು, ಆದರೆ ನಾನು ಹೇಳಿಬಿಟ್ಟೆ. "ಅಜ್ಜಿ, ಇದು ಪುರಾಣ ಅಲ್ಲ. ಪುರಾಣ ಅಯ್ಯನವರ ಹತ್ತಿರ ಇದೆ. ಇದು ನನ್ನ ಪುಸ್ತಕ. ಕಾಡಿನಲ್ಲಿ ಮರ ಕಡಿಯುವವರ ಕಥೆ."

ಹೆಂಗಸರೆಲ್ಲ ಅಜ್ಜಿಯ ಮುಖ ನೋಡಿದರು. ನಮ್ಮಲ್ಲಿ ಒಂದು ಕಟ್ಟಳೆ. ಮೊದಲ ಸೋಮವಾರ ಪೂಜೆಯಾಗಿ ಪೀಠಕ್ಕೇರಿದ ಪುಸ್ತಕ ಕೊನೆಯ ಸೋಮವಾರ ಮಂಗಳವಾಗುವ ತನಕ ಇಳಿಯಬಾರದು. ಓದುವವರು ಬದಲಾಗಬಾರದು. ಮಂಗಳದ ದಿನವೊಂದನ್ನು ಬಿಟ್ಟರೆ, ಓದುವ ಹೊತ್ತಲ್ಲದೆ ಬೇರೆ ಹೊತ್ತಿನಲ್ಲಿ ಪುಸ್ತಕ ತೆರೆಯಲೂ ಬಾರದು. ಪುಸ್ತಕ ಪುರಾಣವೇ ಅಲ್ಲದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಟ್ಟಿರಲಿಲ್ಲ. ಹಾಗೆ ಆಗಬಹುದೆಂದು ಯಾರಿಗೆ ಹೊಳೆದಿರುತ್ತದೆ?

ಅಜ್ಜಿ ಪುಸ್ತಕದ ಕಡೆ ಬಾಗಿದರು. "ಅದ್ರಾಗೆ ಶಿವ ಬತ್ತಾನಾ?"

"ನಾನು ಓದಿದಷ್ಟರಲ್ಲಿ ಕಾಡಿನೊಳಗೆ ಒಂದು ಪುಟ್ಟ ಗುಡಿ ಬರುತ್ತದೆ ಅಜ್ಜಿ."

"ಸಾಕು. ಪೂಜೆ ಆಗೋಯ್ತು, ಇನ್ನು ಇಳಿಸಾಕಾಗಲ್ಲ. ಓದು."

ಹೀಗೆ ಶುರುವಾಯಿತು. ಆ ಪುಸ್ತಕಕ್ಕೆ ಹೆಸರಿರಲಿಲ್ಲವಲ್ಲ, ಹೆಂಗಸರು ಅದಕ್ಕೆ ಮರದ ಪುರಾಣ ಎಂದು ಹೆಸರಿಟ್ಟರು.

ಕಥೆ ನವಾಬರ ಕಾಲದ್ದು. ಘಟ್ಟದ ಕಾಡಿನಲ್ಲಿ ಮರ ಕಡಿಯುವವರ ಬಿಡಾರ. ಹಡಗು ಕಟ್ಟಲು ತೇಗ ಕಡಿದು, ಆನೆಯಿಂದ ಎಳೆಸಿ ಹೊಳೆಗೆ ಹಾಕಿ, ತೆಪ್ಪ ಕಟ್ಟಿ ಕಡಲಿಗೆ ತೇಲಿಬಿಡುತ್ತಾರೆ. ಬಿಡಾರದ ಮಾವುತನ ಮಗಳು ಚೆನ್ನಾಜಿ. ಅಪ್ಪ ಜ್ವರದಲ್ಲಿ ಮಲಗಿದರೆ ಆನೆಯ ಕತ್ತಿನ ಮೇಲೆ ತಾನೇ ಕೂತು ಮರ ಎಳೆಸುವ ಹುಡುಗಿ. ಅಲ್ಲಿಗೆ ಕೊಡಲಿ ಹಿಡಿದು ಕೂಲಿಗೆ ಬಂದವನು ಭದ್ರ. ಅವನು ಕೋಟೆ ಕಳೆದುಕೊಂಡ ಪಾಳೆಯಗಾರನ ಮಗ, ನವಾಬನ ಜನಕ್ಕೆ ಸಿಕ್ಕಿದರೆ ತಲೆ ಹೋಗುತ್ತದೆ, ಅದಕ್ಕೆ ಹೆಸರು ಮರೆಸಿಕೊಂಡು ಬಂದಿದ್ದಾನೆ. ಇಬ್ಬರ ನಡುವೆ ಬಿಡಾರದ ಪಾರುಪತ್ತೇಗಾರ, ಮರದ ಲೆಕ್ಕವೂ ಕೂಲಿಗಳ ಜೀವವೂ ಅವನ ಕೈಯಲ್ಲಿ. ಚೆನ್ನಾಜಿಯ ಮೇಲೆ ಅವನಿಗೆ ಕಣ್ಣು.

ಬಂದು ಕೂರುತ್ತಿದ್ದವರಲ್ಲಿ ಇಬ್ಬರನ್ನು ಹೇಳಲೇಬೇಕು. ಒಬ್ಬಳು ಕೆಂಪಮ್ಮ, ಕೊಡಿಗೇನಹಳ್ಳಿ ಕಡೆಯ ಒಕ್ಕಲು ಮನೆಯವಳು, ನಮ್ಮ ಮಂಡಿಯಲ್ಲಿ ಹುಣಿಸೆ ಬೀಜ ಬಿಡಿಸಲು ಬರುತ್ತಿದ್ದಳು. ಇನ್ನೊಬ್ಬಳು ಪಕ್ಕದ ಮನೆಯ ನಾರಾಯಣಮ್ಮ, ಪಾವಗಡದ ಆಚೆಯಿಂದ ಮದುವೆಯಾಗಿ ಬಂದವಳು. ಕನ್ನಡದ ನಡುವೆ ಅವಳಿಗೆ ತೆಲುಗು ತಾನಾಗಿ ಬರುತ್ತಿತ್ತು.

ಭದ್ರ ಮೊದಲ ಮರಕ್ಕೆ ಕೊಡಲಿ ಹಾಕುವ ದಿನ, ಆ ಮರವನ್ನು ಆರು ಜನ ಕೈ ಕೈ ಹಿಡಿದು ತಬ್ಬಿದರೂ ಸುತ್ತು ಮುಗಿಯಲಿಲ್ಲ ಎಂದು ಬರೆದಿತ್ತು. ನಾರಾಯಣಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

"ಅಬ್ಬ, ಅಂತ ಚೆಟ್ಟು ಎಲ್ಲನ್ನಾ ಉಂಟಾ? ಬರೆದೋನು ಸುಳ್ಳು ಹೇಳ್ತಾನಮ್ಮ" ಎಂದಳು.

"ಯಾಕೆ ಇರಬಾರದು?" ಎಂದೆ, ನನ್ನದೇ ಮರ ಎನ್ನುವ ಹಾಗೆ.

ಅಜ್ಜಿ ಎದ್ದರು. "ಬರ್ರಿ, ನೋಡೇಬುಡೋಣ." ಹಿತ್ತಲಿನಲ್ಲಿ ನಮ್ಮ ಹುಣಿಸೆಮರ, ಬೀದಿಗೆಲ್ಲ ದೊಡ್ಡದು. ಆರು ಹೆಂಗಸರು ಕೈ ಕೈ ಹಿಡಿದು ಅದನ್ನು ತಬ್ಬಲು ಹೋದೆವು. ಮೂವರಿಗೇ ಸುತ್ತು ಮುಗಿದು, ಮಿಕ್ಕ ಮೂವರು ಹೊರಗೆ ಉಳಿದು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ಆ ಮರದ ಸುತ್ತಿಗೆ ಅಷ್ಟೇ ಇನ್ನೊಂದು ಸುತ್ತು ಸೇರಿಸಿಕೊಂಡು ಕಣ್ಣು ಮುಚ್ಚಿ ನೋಡಿ ಎಂದೆ. ಕೆಂಪಮ್ಮ ನಿಜವಾಗಿ ಕಣ್ಣು ಮುಚ್ಚಿ ನಿಂತಳು. "ಬೀಳೋವಾಗ ಏನು ಸದ್ದು ಬಂದಿರ್ಬೇಕು ಕಣಮ್ಮ!" ಎಂದಳು.

ಆ ಕಥೆಯಲ್ಲಿ ಮಳೆ ನಿಲ್ಲುತ್ತಲೇ ಇರಲಿಲ್ಲ. ಜಿಗಣೆ, ಕೆಸರು, ಹೊಳೆಯ ಮೊರೆತ. ನಮ್ಮಲ್ಲಿ ಬೆಟ್ಟದ ತಲೆಯ ಮೇಲೆ ಮೋಡ ಬಂದು ಕೂರುತ್ತಿತ್ತು, ನಾಲ್ಕು ಹನಿ ಉದುರಿಸಿ ಗಾಳಿಯ ಜೊತೆ ಎದ್ದು ಹೋಗುತ್ತಿತ್ತು. ನಾನು ಮಳೆಯ ಪುಟ ಓದುವಾಗ ಹೆಂಗಸರು ಸೆರಗು ಹೊದೆಯುತ್ತಿದ್ದರು. ನನಗೇ ಒಮ್ಮೊಮ್ಮೆ ಓದಿ ಎದ್ದು ಹಿತ್ತಲಿಗೆ ಬಂದರೆ ನೆಲ ಒಣಗಿರುವುದು ಕಂಡು ಆಶ್ಚರ್ಯವಾಗುತ್ತಿತ್ತು.

ಭದ್ರನೆಂದರೆ ಕೆಂಪಮ್ಮನಿಗೆ ಪ್ರಾಣ. ಅವನ ಕೋಟೆ ಯಾವುದೆಂದು ಪುಸ್ತಕದಲ್ಲಿ ಇರಲಿಲ್ಲ, ಆದರೆ ಒಂದೇ ಬಂಡೆಯ ಬೆಟ್ಟ ಎಂದಿತ್ತು. ಅಷ್ಟು ಸಾಕಾಯಿತು. "ಅವ್ನು ನಮ್ಮ ಮಧುಗಿರಿ ಕೋಟೆಯೋನೇ" ಎಂದು ತೀರ್ಮಾನ ಮಾಡಿದಳು. ಬೆಟ್ಟದ ಕಡೆ ಕೈ ತೋರಿಸಿ, "ಅಕೋ, ಆ ಬುರುಜಿನ ಮ್ಯಾಲೇ ಆಡ್ಕೊಂಡು ಬೆಳ್ದಿರೋನು" ಎನ್ನುತ್ತಿದ್ದಳು. ನಾರಾಯಣಮ್ಮನಿಗೆ ಆನೆಯ ಚಿಂತೆ. ದಿನವೂ ಓದು ಶುರುವಾಗುವ ಮೊದಲು "ಏನುಗು ಬಾಗುಂದಾ?" ಎಂದು ಕೇಳಿ, ಆನೆ ಚೆನ್ನಾಗಿದೆ ಎಂದ ಮೇಲೆಯೇ ಕೂರುತ್ತಿದ್ದಳು.

ಚೆನ್ನಾಜಿ ಏರಿದ ಹೊಳೆಯಲ್ಲಿ ತೇಲುವ ಮರಗಳ ಮೇಲೆ ಹಾರಿ ಹಾರಿ ಆಚೆ ದಡದ ಭದ್ರನ ಬಳಿ ಹೋಗಿ, ಅವನ ಕೈ ಹಿಡಿದು, "ನಿನ್ನ ಹೆಸರು ಏನಾದರೂ ಆಗಿರಲಿ, ನೀನು ನನಗೆ ಬೇಕು" ಎನ್ನುವ ಪುಟ ಬಂದಾಗ ನಾನು ಓದು ನಿಲ್ಲಿಸಿದೆ. ಹಿರಿಯರ ಮುಂದೆ ಇದನ್ನು ಹೇಗೆ ಓದುವುದು ಎಂದು ತಲೆ ಎತ್ತಿದೆ. ಅಜ್ಜಿ ಗೋಡೆಗೆ ಒರಗಿ, "ಯಾಕೆ ನಿಲ್ಲಿಸ್ದೆ? ಮುಂದಕ್ಕೋಗು" ಎಂದರು. ಓದಿದೆ. ಆ ದಿನ ಹೊಸೆದ ಬತ್ತಿಗಳು ಒಂದೊಂದೂ ಹಗ್ಗದ ಹಾಗೆ ದಪ್ಪವಾಗಿ, ದೇವರ ಹಣತೆಗೆ ಕೂರದೆ, ಆಮೇಲೆ ಎಲ್ಲವನ್ನೂ ಬಿಚ್ಚಬೇಕಾಯಿತು. ಅಷ್ಟು ಸುಖವಾದ ಮಧ್ಯಾಹ್ನ ನನ್ನ ಬಾಳಿನಲ್ಲಿ ಮತ್ತೆ ಬಂದಿರಬಹುದು, ಆದರೆ ಅದಕ್ಕಿಂತ ಹೆಚ್ಚಿನದು ಬರಲಿಲ್ಲ.

ನಮ್ಮ ನಗು ಅಳು ಎಲ್ಲ ಮಂಡಿಯ ಗೋಡೆ ದಾಟಿ ಹೋಗುತ್ತಿತ್ತು. ಹಣ್ಣು ತೂಗಿಸಲು ಬಂದವರು "ಏನ್ ರುದ್ರಪ್ಪ, ನಿಮ್ಮನೆ ಪುರಾಣ ಬಲೇ ಜೋರು?" ಎಂದು ಕೇಳಿದ್ದರಂತೆ. ಮಾವ ಒಂದು ಸಂಜೆ ಅಜ್ಜಿಯನ್ನು ಕೇಳಿದರು, ಪುರಾಣದಲ್ಲಿ ಅಷ್ಟು ನಗುವುದಕ್ಕೆ ಏನಿದೆ ಎಂದು. "ಕಥೆ ಚೆನ್ನಾಗೈತೆ ಕಣ್ಲಾ" ಎಂದರು ಅಜ್ಜಿ. ಅದು ಸುಳ್ಳೂ ಆಗಿರಲಿಲ್ಲ.

ಕೊನೆಯ ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರ ಮಧ್ಯಾಹ್ನ. ಪಾರುಪತ್ತೇಗಾರನಿಗೆ ಭದ್ರ ಯಾರೆಂಬುದು ತಿಳಿದುಹೋಗಿತ್ತು. ಅವನನ್ನು ಹೊಳೆದಡದ ಮರದ ಕೊಟ್ಟಿಗೆಯಲ್ಲಿ ಸರಪಳಿ ಹಾಕಿ ಕಟ್ಟಿದ್ದ. ಅಮಾವಾಸ್ಯೆಯೊಳಗೆ ನನ್ನನ್ನು ಮದುವೆಯಾಗು, ಇಲ್ಲದಿದ್ದರೆ ಅವನನ್ನು ನವಾಬನಿಗೆ ಒಪ್ಪಿಸುತ್ತೇನೆ ಎಂದು ಚೆನ್ನಾಜಿಗೆ ಹೇಳಿದ್ದ. ಚೆನ್ನಾಜಿ ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮನೆಯ ಬಾಗಿಲಲ್ಲಿ ಅಯ್ಯನವರು ಕೆಮ್ಮಿದರು. ಜ್ವರ ಇಳಿದು ಸೊರಗಿದ್ದರು. ಕಂಕುಳಲ್ಲಿ ಹೊಸ ರಟ್ಟಿನ ದೊಡ್ಡ ಪುಸ್ತಕ.

"ಸಿರಾದ ಸಾಬರು ಪಕ್ಕಾ ಕೆಲಸ ಮಾಡಿಕೊಟ್ಟಿದ್ದಾರೆ ರುದ್ರಪ್ಪ. ತಗೊ ನಿಮ್ಮ ಪುರಾಣ" ಎಂದು ಹಿಂದೆ ಬರುತ್ತಿದ್ದ ಮಾವನವರ ಕೈಗೆ ಕೊಟ್ಟರು.

ಮಾವ ಕೈಯಲ್ಲಿದ್ದ ಪುರಾಣ ನೋಡಿದರು, ಪೀಠದ ಮೇಲಿದ್ದ ಪುಸ್ತಕ ನೋಡಿದರು. "ಹಂಗಾದ್ರೆ ಇಷ್ಟು ದಿನ ಇಲ್ಲಿ ಓದ್ತಿರೋದು ಏನು?"

ಮಾವ ಪುಸ್ತಕದ ಮೇಲೆ ಬಾಗಿ, ತೆರೆದಿದ್ದ ಪುಟದ ನಾಲ್ಕು ಸಾಲು ಓದಿದರು. ಅವರ ಕಿವಿ ಕೆಂಪಾಯಿತು. "ಶ್ರಾವಣ ಮಾಸದಾಗೆ, ದೇವ್ರ ಮುಂದೆ, ಇಂಥದ್ದಾ? ತಗೊಂಡೋಗಿ ನೀರೊಲೆಗೆ ಹಾಕು" ಎಂದು ನನಗೆ ಹೇಳಿದರು.

ನಾನು ಅಲ್ಲಾಡಲಿಲ್ಲ. ಅವರೇ ಕೈ ಚಾಚಿದಾಗ ಅಜ್ಜಿ ಪೀಠದ ಮುಂದೆ ಬಂದು ನಿಂತರು.

"ಲೇ ರುದ್ರ, ಪೀಠಕ್ಕೇರಿದ್ದನ್ನ ಮಂಗಳ ಆಗದೆ ಇಳಿಸ್ತೀಯಾ? ನಿಮ್ಮಪ್ಪ ಸತ್ತಿದ್ದು ಶ್ರಾವಣದಾಗೆ. ಆವಾಗ್ಲೂ ನಾನು ಇಳಿಸ್ಲಿಲ್ಲ. ಮೂರನೇ ದಿನಕ್ಕೆ ಕೂತು ಕೇಳ್ದೆ."

"ಅವ್ವ, ಅದು ಪುರಾಣ. ಇದು ಹಾದರದ ಕಥೆ."

"ಮದ್ವೆ ಇಲ್ದಿರೋ ಹುಡ್ಗ, ಮದ್ವೆ ಇಲ್ದಿರೋ ಹುಡ್ಗಿ. ಹಾದ್ರ ಎಲ್ಲಿಂದ ಬಂತು? ನೀನು ಕೇಳಿದೀಯೇನ್ಲಾ?"

ಮಾವ ಅಯ್ಯನವರ ಕಡೆ ತಿರುಗಿದರು. "ನೀವೇ ಹೇಳಿ ಸ್ವಾಮಿ."

ಅಯ್ಯನವರು ಸಂಕಟದಲ್ಲಿ ಸಿಕ್ಕಿಕೊಂಡರು. "ಪೀಠಕ್ಕೇರಿದ ಮೇಲೆ ಮಂಗಳವಾಗಬೇಕು ಅನ್ನೋದೇನೋ ಸರಿ. ಆದರೆ ಏರಿದ್ದು ಪುರಾಣವಾಗಿರಬೇಕು..."

"ನಾನು ವಿಭೂತಿ ಇಟ್ಟಿದ್ದು ಯಾವುದಕ್ಕೆ ಸ್ವಾಮಿ?" ಎಂದರು ಅಜ್ಜಿ. "ಆ ವಿಭೂತಿ ಕೊಟ್ಟೋರು ನೀವು. ಅದೇನು ಸುಳ್ಳು ವಿಭೂತಿನಾ?"

ಅಯ್ಯನವರಿಗೆ ಮತ್ತೆ ಕೆಮ್ಮು ಬಂತು. ಮಾವ ಪುರಾಣವನ್ನು ಗೂಡಿನಲ್ಲಿಟ್ಟು ಬಂದು ಹೇಳಿದರು. "ಆಯ್ತು. ಇಳಿಸಬೇಡಿ. ಸೋಮವಾರದ ತನಕ ಅಲ್ಲೇ ಇರ್ಲಿ, ಮುಚ್ಕೊಂಡಿರ್ಲಿ. ಆಮೇಲೆ ಒಲೆಗೆ." ಆಮೇಲೆ ಮೊದಲ ಸಲ ನನ್ನ ಮುಖ ನೋಡಿ ಹೇಳಿದರು. "ನೀನು ಅದನ್ನ ತೆರೆದ್ರೆ ಸೋಮವಾರ ಬೆಳಿಗ್ಗೆ ಗಾಡಿ ಕಟ್ಟಿಸ್ತೀನಿ. ಕೊರಟಗೆರೆಗೆ. ತಿರುಗಿ ಕರೆಸ್ಕೊಳಲ್ಲ."

ಆ ಮಾತಿನ ಅರ್ಥ ಈಗಿನವರಿಗೆ ಆಗಲಾರದು. ಹೊಸ ಸೊಸೆಯನ್ನು ಹಗಲಲ್ಲಿ, ಬೀದಿಯ ಎದುರು ಗಾಡಿ ಹತ್ತಿಸಿ ತವರಿಗೆ ಕಳಿಸಿದರೆ ಅವಳ ಕಥೆ ಮುಗಿದ ಹಾಗೆ. ಕೊರಟಗೆರೆಯಲ್ಲಿ ನನ್ನ ಹಿಂದೆ ಇಬ್ಬರು ತಂಗಿಯರು ಮದುವೆಗಿದ್ದರು. ಅಪ್ಪ ತಲೆ ಎತ್ತಿಕೊಂಡು ಸಂತೆಗೆ ಹೋಗುವ ಹಾಗಿರುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅಜ್ಜಿ ಬಂದು ನೋಡಿ, ಓದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮುದ್ದೆ ತಳ ಹಿಡೀತಿದೆ ನೋಡು ಎಂದಷ್ಟೇ ಹೇಳಿ ಹೋದರು.

ಭಾನುವಾರ ಊಟವಾದ ಮೇಲೆ ಹೆಂಗಸರು ಬರುವುದಿಲ್ಲವೆಂದುಕೊಂಡಿದ್ದೆ. ನಾರಾಯಣಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದೆ ಎಂದು ಹೇಳಿ ಕೂತಳು. ಕೆಂಪಮ್ಮ ಏನೂ ಹೇಳದೆ ಕೂತಳು. ಮತ್ತೊಬ್ಬರು, ಮತ್ತೊಬ್ಬರು. ಹತ್ತಿ ಯಾರೂ ತಂದಿರಲಿಲ್ಲ. ಮಂಡಿಯ ಬಾಗಿಲಲ್ಲಿ ಮಾವ ಕುರ್ಚಿ ಹಾಕಿಕೊಂಡು ಇತ್ತ ಬೆನ್ನು ಮಾಡಿ ಕೂತಿದ್ದರು.

ನಾನು ಯಾಕೆ ಪುಸ್ತಕ ತೆರೆದೆ ಎಂದು ಬಹಳ ಜನ ಕೇಳಿದ್ದಾರೆ. ಧೈರ್ಯ ಎನ್ನುತ್ತಾರೆ, ಹಟ ಎನ್ನುತ್ತಾರೆ. ಚೆನ್ನಾಜಿ ಆ ಪಾರುಪತ್ತೇಗಾರನಿಗೆ ಏನು ಉತ್ತರ ಕೊಟ್ಟಳು ಎಂದು ನನಗೆ ತಿಳಿಯಬೇಕಿತ್ತು. ರಾತ್ರಿಯೆಲ್ಲ ಅದೇ ಯೋಚನೆಯಾಗಿತ್ತು, ತವರಿಗಿಂತ ಹೆಚ್ಚಾಗಿ. ನೂರು ದೊಡ್ಡ ಕಾರಣ ಹೇಳಬಲ್ಲೆ, ಆದರೆ ನಿಜವಾದದ್ದು ಅದು. ಕೈಕಾಲು ತೊಳೆದು ಬಂದೆ, ಪೀಠದ ಮುಂದೆ ಕೂತೆ, ಬಿಲ್ವಪತ್ರೆ ಪಕ್ಕಕ್ಕಿಟ್ಟು ಪುಸ್ತಕ ತೆರೆದು, ಮಂಡಿಯ ಬಾಗಿಲಿಗೂ ಕೇಳಿಸುವ ಹಾಗೆ ಓದಿದೆ.

ಮಾವ ತಿರುಗಿ ನೋಡಲಿಲ್ಲ. ಎದ್ದೂ ಹೋಗಲಿಲ್ಲ. ನಾನು ಒಂದು ಅಧ್ಯಾಯ ಉಳಿಸಿ ನಿಲ್ಲಿಸಿದೆ, ಮಂಗಳದ ದಿನಕ್ಕೆಂದು. ಆಗ ಅವರು ಎದ್ದು ಬೀದಿಗೆ ಇಳಿದು, ಗಾಡಿ ಹೊಡೆಯುವ ಹನುಮಯ್ಯನನ್ನು ಕೂಗಿದರು.

ಸೋಮವಾರ ಬೆಳಿಗ್ಗೆ ಗಾಡಿ ಬಾಗಿಲಿಗೆ ಬಂತು. ಮಾವ ಮಾತಿಗೆ ತಪ್ಪುವವರಲ್ಲ. ನಾನು ನನ್ನ ಎರಡು ಸೀರೆ ಗಂಟು ಕಟ್ಟಿಕೊಂಡು, ಅವರ ಕಾಲಿಗೆ ನಮಸ್ಕಾರ ಮಾಡಿ ಗಾಡಿ ಹತ್ತಿದೆ. ಆಗ ನಡುಮನೆಯಿಂದ ಅಜ್ಜಿ ಬಂದರು. ಎರಡೂ ಕೈಯಲ್ಲಿ ವ್ಯಾಸಪೀಠ, ಅದರ ಮೇಲೆ ಪುಸ್ತಕ, ಪುಸ್ತಕದ ಮೇಲೆ ಹೂವು. ಹಿಂದೆ ಕೆಂಪಮ್ಮ ಆರತಿ ತಟ್ಟೆ ಹಿಡಿದಿದ್ದಳು.

"ಅವ್ವ, ಇದೇನು?" ಎಂದರು ಮಾವ.

"ಪೀಠದಿಂದ ಪುಸ್ತಕ ಇಳಿಸ್ಬಾರ್ದು ಅಂತ ಐತೆ. ಪೀಠಾನೇ ಎತ್ಕೊಂಡು ಹೋಗ್ಬಾರ್ದು ಅಂತ ಎಲ್ಲೂ ಇಲ್ಲ. ಓದೋಳು ಎಲ್ಲೋ ಮಂಗಳ ಅಲ್ಲಿ. ನಾನೂ ಅಲ್ಲೇ." ಪೀಠವನ್ನು ನನ್ನ ಮುಂದೆ ಹುಲ್ಲಿನ ಮೇಲಿಟ್ಟು, ಹನುಮಯ್ಯನ ಹೆಗಲು ಹಿಡಿದು ಅಜ್ಜಿ ಗಾಡಿ ಹತ್ತಿದರು. ಅವರು ಆ ಮನೆಗೆ ಬಂದ ಮೇಲೆ ಶ್ರಾವಣದಲ್ಲಿ ಬೀದಿಬಾಗಿಲ ಹೊಸಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ.

"ಬೀದೀಲಿ ಜನ ನೋಡ್ತಾವ್ರೆ, ಇಳೀ ಅವ್ವ."

"ನೋಡ್ಲಿ, ಕಣ್ಣೈತೆ ನೋಡ್ತಾರೆ. ಹನುಮ, ಒಂದು ಅಧ್ಯಾಯ ಉಳ್ದೈತೆ. ಮುಗೀಲಿ, ಆಮೇಲೆ ಹೊಡೀವಂತೆ. ಓದು ಪಾರ್ತಿ."

ನಡುಮನೆಯ ಗೋಡೆಗಳ ಒಳಗೆ ಓದಿದ್ದನ್ನು ಈಗ ಪೇಟೆ ಬೀದಿಯಲ್ಲಿ, ಬಟಾಬಯಲಿನಲ್ಲಿ ಓದಬೇಕಾಯಿತು. ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯದಕ್ಕೆ ನಿಂತಿತು, ಆಮೇಲೆ ಏರಿತು. ಹೆಂಗಸರು ಗಾಡಿಯ ಸುತ್ತ ನಿಂತರು. 'ಪುರಾಣದ ಮಂಗಳ' ಎಂದು ಯಾರೋ ಹೇಳಿದ್ದಕ್ಕೆ ಮಂಡಿಗೆ ಬಂದ ಗಂಡಸರು ಚಪ್ಪಲಿ ಬಿಟ್ಟು ನಿಂತರು. ಮಾವ ಪೇಟೆಯ ಇನ್ನೊಂದು ತುದಿಯ ಕಡೆಗೆ ಬಿರಬಿರನೆ ನಡೆದುಹೋದರು.

ನೀವು ಇಷ್ಟು ಹೊತ್ತು ಕೂತು ಕೇಳಿದ್ದೀರಿ, ನಿಮಗೆ ಹೇಳುತ್ತೇನೆ. ಚೆನ್ನಾಜಿ ಮದುವೆಗೆ ಒಪ್ಪಿದಳು. ಆದರೆ ಧಾರೆ ಹೊಳೆದಡದಲ್ಲಿ ಆಗಬೇಕು, ನನ್ನ ಆನೆ ಎದುರಿಗಿರಬೇಕು ಎಂದಳು. ಧಾರೆಯ ಹೊತ್ತಿಗೆ ಒಂದು ಮಾತು ಹೇಳಿದಳು, ಆನೆ ಕೊಟ್ಟಿಗೆಯ ಕಂಬಕ್ಕೆ ಸೊಂಡಿಲು ಹಾಕಿ ಸೂರು ಸಮೇತ ಎಳೆದು ಹಾಕಿತು. ಭದ್ರನೂ ಅವಳೂ ತೆಪ್ಪ ಹತ್ತಿ ಏರಿದ ಹೊಳೆಯಲ್ಲಿ ಹೋದರು. ಆನೆ ದಡದಲ್ಲೇ ಅವರ ಜೊತೆ ಓಡಿತು. ದೂರ ಹೋಗಿ ಆನೆಯಿದ್ದ ದಡ ಸೇರಿದ ಮೇಲೆ ಭದ್ರ ಕೋಟೆ ಗೆಲ್ಲಲು ಹೋಗೋಣ ಎಂದರೆ ಚೆನ್ನಾಜಿ, ಕೋಟೆ ಬೇಕಾದರೆ ನೀನು ಹೋಗು, ನಾನು ನನ್ನ ಆನೆ ಇದ್ದಲ್ಲಿ ಇರುತ್ತೇನೆ ಎಂದಳು. ಅವನು ಹೋಗಲಿಲ್ಲ. ಕೊಡಲಿ ಎತ್ತಿಕೊಂಡು ಅವಳ ಹಿಂದೆ ನಡೆದ.

"ಕೋಟೆ ಬುಟ್ಬುಟ್ನಾ!" ಎಂದು ಕೆಂಪಮ್ಮ ಬೀದಿಯಲ್ಲೇ ಜಗಳಕ್ಕೆ ನಿಂತಳು. ನಾರಾಯಣಮ್ಮ, ಆನೆ ಉಳಿಯಿತಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಜ್ಜಿ ಪುಸ್ತಕಕ್ಕೆ ಮಂಗಳಾರತಿ ಎತ್ತಿದರು. ಕೊಬ್ಬರಿ ಬೆಲ್ಲ ಹಂಚಿದರು. ಅಜ್ಜಿಯನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಹನುಮಯ್ಯನಿಗೆ ಧೈರ್ಯ ಬರಲಿಲ್ಲ. ಮಧ್ಯಾಹ್ನ ಮಾವ ತಿರುಗಿ ಬಂದಾಗಲೂ ಗಾಡಿ ಅಲ್ಲೇ ಇತ್ತು, ಬಿಸಿಲಿಗೆ ಸೆರಗು ಹೊದ್ದು ಅಜ್ಜಿ ಅದರಲ್ಲೇ ಕೂತಿದ್ದರು, ನಾನೂ. ಮಗ ತಾಯಿಯನ್ನು ನೋಡಿದರು, ತಾಯಿ ಮಗನನ್ನು ನೋಡಲಿಲ್ಲ.

"ಎತ್ತು ಬಿಚ್ಚು" ಎಂದರು ಮಾವ, ಹನುಮಯ್ಯನಿಗೆ.

ನಾನು ಇಳಿದು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ. ಪುಸ್ತಕ ಒಲೆಗೆ ಹೋಗಲಿಲ್ಲ, ಪುರಾಣದ ಪಕ್ಕದಲ್ಲಿ ಗೂಡು ಸೇರಿತು. ಮುಂದಿನ ವರ್ಷಗಳಲ್ಲಿ ಶ್ರಾವಣಕ್ಕೆ ಅಯ್ಯನವರು ಪುರಾಣ ಓದಿದರು, ಉಳಿದ ತಿಂಗಳುಗಳಲ್ಲಿ ಸೋಮವಾರ ಮಧ್ಯಾಹ್ನ ನಾನು ಓದಿದೆ. ಪಂಚಾಂಗದವನು ನನಗೆಂದೇ ಪುಸ್ತಕ ತರತೊಡಗಿದ. ಮಾವ ಬಹಳ ಕಾಲ ನನ್ನ ಜೊತೆ ಮಾತಾಡಲಿಲ್ಲ. ಅನ್ನ ಬಡಿಸಿದರೆ ಉಣ್ಣುತ್ತಿದ್ದರು, ಅಷ್ಟೇ.

ಅಜ್ಜಿ ತೀರಿಹೋದ ವರ್ಷ, ಒಂದು ಮಧ್ಯಾಹ್ನ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಗೋಡೆ ನೋಡುತ್ತಾ ಕೇಳಿದರು. "ಆ ಮಾವುತನ ಮಗಳು... ಕೊನೆಗೆ ಏನಾದ್ಲು?"

ಅಂದರೆ ಅಯ್ಯನವರ ಮುಂದೆ ಏನೂ ಗೊತ್ತಿಲ್ಲದವರ ಹಾಗೆ ನಟಿಸಿದ ಆ ಮನುಷ್ಯ ಶ್ರಾವಣವಿಡೀ ಗೋಡೆಯ ಆಚೆ ಕೂತು ಕೇಳಿದ್ದರು, ಬೀದಿಯಲ್ಲಿ ಓದಿದ ಆ ಒಂದು ಅಧ್ಯಾಯ ಬಿಟ್ಟು. ಒಂದೇ ಮಾತಿನಲ್ಲಿ ಹೇಳಬಹುದಿತ್ತು. ವಯಸ್ಸಾದವರು, ಪಾಪ ಎನಿಸಿತು ಕೂಡ. ಆದರೆ ಗಾಡಿಯ ಹುಲ್ಲಿನ ಮೇಲೆ ಕೂತಿದ್ದ ನನ್ನನ್ನೂ, ಬಿಸಿಲಲ್ಲಿ ಕೂತಿದ್ದ ಅಜ್ಜಿಯನ್ನೂ ನಾನು ಮರೆತಿರಲಿಲ್ಲ.

"ಸೋಮವಾರ ಓದ್ತೀನಿ ಮಾವ, ಮೊದಲಿಂದ" ಎಂದೆ. "ನಡುಮನೇಲಿ ಎಲ್ಲರ ಜೊತೆ ಬಂದು ಕೂತ್ಕೊಳ್ಳಿ."

ಸೋಮವಾರ ಹೆಂಗಸರ ಪಕ್ಕದಲ್ಲಿ ಅವರಿಗೆಂದು ಮಣೆ ಹಾಕಿ, ಎಂದಿಗಿಂತ ಸ್ವಲ್ಪ ಹೊತ್ತು ಹೆಚ್ಚಾಗಿ ಕಾದೆ. ಅವರು ಬರಲಿಲ್ಲ. ಆ ಪುಸ್ತಕವನ್ನು ಗೂಡಿನಲ್ಲೇ ಬಿಟ್ಟು ಬೇರೆಯದನ್ನು ಓದಿದೆ. ಕೊನೆಗೆ ಏನಾಯಿತೆಂದು ನಾನು ಹೇಳಲೂ ಇಲ್ಲ.